ಗಿಟಾರ್ ನುಡಿಸಲು ಬಾರದವನ ಆಂಪ್

ಗಿಟಾರ್ ಹಿಡಿದವರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಹೆಸರು ಫೆಂಡರ್. ಅದೊಂದು ಕಂಪನಿಯ ಹೆಸರು ಎಂದಷ್ಟೇ ಬಹಳ ಮಂದಿಗೆ ಗೊತ್ತು. ಆ ಹೆಸರಿನ ಮನುಷ್ಯನೊಬ್ಬ ಇದ್ದ, ಆತನಿಗೆ ಗಿಟಾರ್ ನುಡಿಸುವುದಿರಲಿ, ಅದನ್ನು ಶ್ರುತಿ ಮಾಡಿಕೊಳ್ಳಲೂ ಬರುತ್ತಿರಲಿಲ್ಲ ಎಂದರೆ ನಮ್ಮ ಹಾಸ್ಟೆಲಿನ ಗಿಟಾರಿಸ್ಟ್‌ಗಳು ನಂಬುವುದಿಲ್ಲ. ಎಲೆಕ್ಟ್ರಾನಿಕ್ಸನ್ನು ಆತ ಯಾವ ಕಾಲೇಜಿನಲ್ಲೂ ಓದಿರಲಿಲ್ಲ, ಓದಿದ್ದು ಅಕೌಂಟಿಂಗ್ ಎಂದರೆ ನನ್ನ ಬ್ರ್ಯಾಂಚಿನವರು ನಂಬುವುದಿಲ್ಲ. ಎರಡೂ ನಿಜ.

ನಾನು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಆರನೇ ಸೆಮಿಸ್ಟರಿನಲ್ಲಿದ್ದೇನೆ. ಮಿನಿ ಪ್ರಾಜೆಕ್ಟ್‌ಗೆಂದು ಗೆಳೆಯನ ಐದು ವಾಟ್‌ನ ಪುಟ್ಟ ಗಿಟಾರ್ ಆಂಪ್ಲಿಫೈಯರ್ ಬಿಚ್ಚಿ, ಅದರ ದನಿ ತಿದ್ದಲು ಹೊರಟೆ. ಅದು ಟ್ರಾನ್ಸಿಸ್ಟರ್ ಆಂಪ್ ಅಲ್ಲ, ವಾಲ್ವ್ ಆಂಪ್. ಅಜ್ಜಂದಿರ ಕಾಲದ ರೇಡಿಯೊದಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅದೇ ವಾಲ್ವ್. ಅಮೆರಿಕದವರು ಟ್ಯೂಬ್ ಎನ್ನುತ್ತಾರೆ. ಅದರ ಸರ್ಕೀಟಿನ ಮೂಲ ಹುಡುಕುತ್ತಾ ಹೋದಂತೆ ದಾರಿಗಳೆಲ್ಲ ಒಬ್ಬನೇ ಮನುಷ್ಯನ ಅಂಗಡಿಗೆ ಹೋಗಿ ನಿಂತವು. ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಎಂಬ ಊರಿನಲ್ಲಿದ್ದ ಒಂದು ರೇಡಿಯೊ ರಿಪೇರಿ ಅಂಗಡಿ ಅದು.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು. ಅಪ್ಪ ಅಮ್ಮ ಕಿತ್ತಳೆ ತೋಟದ ರೈತರು. ಎಲ್ಲರೂ ಕರೆಯುತ್ತಿದ್ದುದು ಲಿಯೊ ಎಂದು. ಎಂಟು ವರ್ಷದವನಿದ್ದಾಗ ಎಡಗಣ್ಣಿನಲ್ಲಿ ಗೆಡ್ಡೆ ಕಾಣಿಸಿಕೊಂಡು ಕಣ್ಣನ್ನೇ ತೆಗೆಯಬೇಕಾಯಿತು. ಆಮೇಲೆ ಬದುಕಿಡೀ ಗಾಜಿನ ಕಣ್ಣು. ಒಂದೇ ಕಣ್ಣಿನಲ್ಲಿ ಆತ ಎಷ್ಟು ಸಾವಿರ ಬೆಸುಗೆ ಹಾಕಿರಬಹುದು ಎಂದು ಲ್ಯಾಬಿನಲ್ಲಿ ಸಾಲ್ಡರಿಂಗ್ ಐರನ್ ಹಿಡಿದಾಗಲೆಲ್ಲ ನಾನು ಯೋಚಿಸುತ್ತೇನೆ.

ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ವಾಹನಗಳ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದ ಸಂಬಂಧಿಕರೊಬ್ಬರು ಹುಡುಗನಿಗೆ ಒಂದು ಪೆಟ್ಟಿಗೆ ಕಳಿಸಿದರು. ಒಳಗಿದ್ದದ್ದು ಹಳೆಯ ರೇಡಿಯೊ ಭಾಗಗಳು ಮತ್ತು ಒಂದು ಬ್ಯಾಟರಿ. ಮುಂದೆ ಅವರ ಅಂಗಡಿಗೇ ಹೋದಾಗ, ಬಿಡಿಭಾಗಗಳಿಂದ ಕೈಯಾರೆ ಕಟ್ಟಿದ ರೇಡಿಯೊವೊಂದು ಜೋರಾಗಿ ಹಾಡುತ್ತಿತ್ತು. ಆ ದನಿ ಹುಡುಗನ ತಲೆಯೊಳಗೆ ಕೂತುಬಿಟ್ಟಿತು. ಹೈಸ್ಕೂಲಿನಲ್ಲಿ ಇರುವಾಗಲೇ ಊರಿನವರ ರೇಡಿಯೊ ರಿಪೇರಿ ಮಾಡಿಕೊಡತೊಡಗಿದ.

ಆದರೆ ಓದಲು ಸೇರಿದ್ದು ಅಕೌಂಟಿಂಗ್‌ಗೆ. ನಮ್ಮಲ್ಲಿ ಒಂದು ಆಸಕ್ತಿ ಇಟ್ಟುಕೊಂಡು ಇನ್ನೊಂದು ಕೋರ್ಸ್ ಸೇರುವವರು ಎಷ್ಟಿಲ್ಲ! ಐಸ್ ಕಂಪನಿಯಲ್ಲಿ ಡೆಲಿವರಿ ಹುಡುಗನಾದ, ಅಲ್ಲೇ ಲೆಕ್ಕ ಬರೆಯುವವನಾದ, ಹೆದ್ದಾರಿ ಇಲಾಖೆಯಲ್ಲಿ ಅಕೌಂಟೆಂಟ್ ಆದ. 1934ರಲ್ಲಿ ಎಸ್ತರ್ ಎಂಬಾಕೆಯನ್ನು ಮದುವೆಯಾದ. ಅಮೆರಿಕದ ಮಹಾ ಆರ್ಥಿಕ ಕುಸಿತದ ವರ್ಷಗಳವು. ಹೆದ್ದಾರಿ ಇಲಾಖೆಯ ಕೆಲಸ ಹೋಯಿತು. ಟೈರ್ ಕಂಪನಿ ಸೇರಿದ, ಆರು ತಿಂಗಳಿಗೆ ಅದೂ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್‌ಟನ್‌ಗೆ ವಾಪಸು ಬಂದು ಫೆಂಡರ್ ರೇಡಿಯೊ ಸರ್ವಿಸ್ ಎಂದು ಬೋರ್ಡ್ ಹಾಕಿದ.

ನನ್ನ ಪ್ರಕಾರ ಲಿಯೊನ ನಿಜವಾದ ಇಂಜಿನಿಯರಿಂಗ್ ಕಾಲೇಜು ಈ ಅಂಗಡಿ. ಹೊಸದನ್ನು ಕಟ್ಟುವವನು ಸರ್ಕೀಟನ್ನು ಒಂದು ಕಡೆಯಿಂದ ನೋಡುತ್ತಾನೆ, ರಿಪೇರಿ ಮಾಡುವವನು ಇನ್ನೊಂದು ಕಡೆಯಿಂದ. ಯಾವ ಭಾಗ ಮೊದಲು ಸಾಯುತ್ತದೆ, ಯಾವ ತಂತಿ ಅಲುಗಿ ಕಡಿಯುತ್ತದೆ, ಯಾವ ಸ್ಕ್ರೂ ಎಲ್ಲಿದ್ದರೆ ಕೈ ಹೋಗುವುದಿಲ್ಲ ಎಂಬುದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಲಿಯೊನ ಅಂಗಡಿಗೆ ರೇಡಿಯೊ ಜತೆಗೆ ಊರಿನ ವಾದ್ಯಗಾರರ ಆಂಪ್‌ಗಳೂ ಬರುತ್ತಿದ್ದವು. ಕುಣಿತದ ಸಭಾಂಗಣಗಳಿಗೆ ಧ್ವನಿವರ್ಧಕ ಮಾಡಿಕೊಡುವ ಕೆಲಸವೂ ಇತ್ತು. ದಿನವಿಡೀ ಬೇರೆಯವರು ಮಾಡಿದ ಆಂಪ್‌ಗಳ ಹೊಟ್ಟೆ ಬಿಚ್ಚುತ್ತಿದ್ದವನಿಗೆ, ಇದನ್ನು ಹೀಗೇಕೆ ಮಾಡಿದ್ದಾರೆ ಎಂಬ ಪ್ರಶ್ನೆ ಹುಟ್ಟದೇ ಇರುತ್ತದೆಯೇ?

ಡಾಕ್ ಕಾಫ್‌ಮನ್ ಎಂಬ ವಾದ್ಯಗಾರ ಗೆಳೆಯನ ಜತೆ ಸೇರಿ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರ್‌ಗಳನ್ನೂ ಅವಕ್ಕೆ ಆಂಪ್‌ಗಳನ್ನೂ 1945ರಲ್ಲಿ ಮಾಡತೊಡಗಿದ. ಮರುವರ್ಷ ಕಾಫ್‌ಮನ್ ಹೊರಬಿದ್ದ. ಲಿಯೊ ಒಬ್ಬನೇ ಮುಂದುವರಿದ. ಅಲ್ಲಿಂದ ಹುಟ್ಟಿದ್ದು ಇಂದಿನ ಫೆಂಡರ್ ಕಂಪನಿ.

ಇಲ್ಲಿ ಸ್ವಲ್ಪ ಸರ್ಕೀಟಿನ ಮಾತು, ಬೇಸರಿಸಿಕೊಳ್ಳಬೇಡಿ. ಗಿಟಾರಿನ ಪಿಕಪ್‌ನಿಂದ ಬರುವ ಸಿಗ್ನಲ್ ಬಹಳ ಸಣ್ಣದು. ಮೊದಲ ವಾಲ್ವ್ ಅದನ್ನು ಹಲವು ಹತ್ತು ಪಟ್ಟು ದೊಡ್ಡದು ಮಾಡುತ್ತದೆ. ಆಮೇಲೆ ವಾಲ್ಯೂಮ್, ಟೋನ್. ಕೊನೆಗೆ ಪವರ್ ವಾಲ್ವ್, ಅದರಾಚೆ ಟ್ರಾನ್ಸ್‌ಫಾರ್ಮರ್, ಸ್ಪೀಕರ್. ಯಾವುದೇ ವಾಲ್ವ್‌ಗೂ ಒಂದು ಮಿತಿ ಇದೆ. ಅದನ್ನು ಮೀರಿ ಸಿಗ್ನಲ್ ತಳ್ಳಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ನಮ್ಮ ಪುಸ್ತಕದಲ್ಲಿ ಇದರ ಹೆಸರು ಡಿಸ್ಟಾರ್ಷನ್. ಪರೀಕ್ಷೆಯಲ್ಲಿ ಅದನ್ನು ಕಡಿಮೆ ಮಾಡುವುದು ಹೇಗೆ ಎಂದು ಕೇಳುತ್ತಾರೆಯೇ ಹೊರತು ಹೆಚ್ಚು ಮಾಡುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ.

ಲಿಯೊ ಕೂಡ ಅದನ್ನು ದೋಷವೆಂದೇ ನೋಡಿದ. ಆತ ಮೆಚ್ಚುತ್ತಿದ್ದುದು ಕಂಟ್ರಿ ಸಂಗೀತ. ಆ ವಾದ್ಯಗಾರರಿಗೆ ಬೇಕಿದ್ದುದು ಗಲಾಟೆಯ ಸಭಾಂಗಣದಲ್ಲೂ ಗಂಟೆ ಬಾರಿಸಿದಷ್ಟು ಸ್ವಚ್ಛವಾಗಿ ಕೇಳುವ ದನಿ. ತನಗೆ ನುಡಿಸಲು ಬಾರದು ಎಂಬುದು ಲಿಯೊಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಆತ ಕಂಡುಕೊಂಡ ದಾರಿ ಸರಳ. ಆಂಪ್ ಕಟ್ಟುವುದು, ಅದನ್ನು ಸುತ್ತಮುತ್ತಲಿನ ಕ್ಲಬ್ಬುಗಳಲ್ಲಿ ನುಡಿಸುವವರ ಕೈಗೆ ಕೊಡುವುದು, ಅವರ ದೂರು ಕೇಳುವುದು, ಅಂಗಡಿಗೆ ತಂದು ತಿದ್ದುವುದು, ಮತ್ತೆ ಕೊಡುವುದು. ಕಾರ್ಯಕ್ರಮ ನಡೆಯುತ್ತಿರುವಾಗಲೇ ವೇದಿಕೆ ಹತ್ತಿ ಆಂಪ್ ಹಿಂದೆ ಕೂತು ಏನೋ ತಿರುಪುತ್ತಿದ್ದ ಎಂಬುದು ಆ ಕಾಲದ ವಾದ್ಯಗಾರರ ನೆನಪುಗಳಲ್ಲಿ ಬರುತ್ತದೆ.

ಆ ತಿದ್ದುಪಡಿಗಳ ಲೆಕ್ಕ ಇಂದಿಗೂ ಸಿಗುತ್ತದೆ. 1950ರ ದಶಕದ ಫೆಂಡರ್ ಆಂಪ್ ಒಳಗೆ ಅಂಟಿಸಿದ ಚೀಟಿಯಲ್ಲಿ 5ಸಿ, 5ಡಿ, 5ಇ, 5ಎಫ್ ಎಂದು ಶುರುವಾಗುವ ಸಂಖ್ಯೆಗಳಿರುತ್ತವೆ. 5 ಎಂದರೆ ಐವತ್ತರ ದಶಕ, ಅಕ್ಷರ ಎಂದರೆ ಸರ್ಕೀಟಿನ ಆವೃತ್ತಿ, ಅದರ ಮುಂದಿನ ಅಂಕಿ ಮಾಡೆಲ್. ಬಾಸ್‌ಮನ್ ಎಂಬ ಮಾಡೆಲ್ಲನ್ನೇ ನೋಡಿ. 1952ರಲ್ಲಿ ಬಂದಾಗ ಅದಕ್ಕೆ 15 ಇಂಚಿನ ಒಂದೇ ಸ್ಪೀಕರ್. ಲಿಯೊ ಅದರ ಹಿಂದಿನ ವರ್ಷವಷ್ಟೇ ಮಾರುಕಟ್ಟೆಗೆ ತಂದಿದ್ದ ಎಲೆಕ್ಟ್ರಿಕ್ ಬಾಸ್ ಗಿಟಾರಿಗೆಂದು ಮಾಡಿದ ಆಂಪ್ ಅದು. ದಶಕದ ನಡುವೆ ಒಂದರ ಬದಲು 10 ಇಂಚಿನ ನಾಲ್ಕು ಸ್ಪೀಕರ್ ಬಂದವು. ಬಾಸ್‌ಗೆ ಒಂದು, ಟ್ರೆಬಲ್‌ಗೆ ಒಂದು ಪ್ರತ್ಯೇಕ ಗುಬುಟು ಬಂತು, ಆಮೇಲೆ ಮಿಡ್ಲ್‌ಗೂ ಒಂದು. ಕೊನೆಗೆ 5ಎಫ್6-ಎ ಎಂಬ ಸರ್ಕೀಟಿಗೆ ಬಂದು ನಿಂತಿತು. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಗಿಟಾರ್ ಆಂಪ್ ಸರ್ಕೀಟ್ ಯಾವುದು ಎಂದು ಕೇಳಿದರೆ ನಾನು ಇದರ ಹೆಸರು ಹೇಳುತ್ತೇನೆ. ಬಾಸ್ ಗಿಟಾರಿಗೆಂದು ಹುಟ್ಟಿದ್ದನ್ನು ಮೆಚ್ಚಿ ಮನೆಗೆ ಒಯ್ದವರು ಮಾಮೂಲಿ ಗಿಟಾರಿನವರು ಎಂಬುದು ಬೇರೆ ಮಾತು.

ಲಿಯೊ ಹೊಸ ಸಿದ್ಧಾಂತವನ್ನೇನೂ ಮಂಡಿಸಲಿಲ್ಲ. ವಾಲ್ವ್ ಕಂಪನಿಗಳೇ ತಮ್ಮ ಕೈಪಿಡಿಗಳಲ್ಲಿ ಅಚ್ಚು ಹಾಕುತ್ತಿದ್ದ ಸರ್ಕೀಟುಗಳಿಂದ ಶುರು ಮಾಡಿದವನು. ಆತನ ಜಾಣತನ ಇರುವುದು ಆ ಒಂದೊಂದು ಬೆಲೆಯನ್ನು ಕಿವಿಗೊಪ್ಪುವವರೆಗೆ ಬದಲಾಯಿಸಿದ್ದರಲ್ಲಿ, ಮತ್ತು ರಿಪೇರಿ ಸುಲಭವಾಗಿಸಿದ್ದರಲ್ಲಿ. ಹಿಂದಿನ ಹಲಗೆ ತೆಗೆದರೆ ವಾಲ್ವ್ ಕೈಗೆ ಸಿಗುತ್ತದೆ. ಕೆಪಾಸಿಟರ್, ರೆಸಿಸ್ಟರ್‌ಗಳೆಲ್ಲ ಒಂದು ಫೈಬರ್ ಪಟ್ಟಿಯ ಮೇಲೆ ಸಾಲಾಗಿ, ಕಣ್ಣಿಗೆ ಕಾಣುವಂತೆ. ಯಾವುದು ಕೆಟ್ಟರೂ ಅದೊಂದನ್ನೇ ಬಿಚ್ಚಿ ಹಾಕಬಹುದು. ಕಾರ್ಖಾನೆಯಲ್ಲಿ ಇವನ್ನು ಬೆಸೆಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಹೆಂಗಸರು. ಕೆಲಸ ಮುಗಿದ ಮೇಲೆ ಪುಟ್ಟ ಟೇಪಿನ ಮೇಲೆ ತಮ್ಮ ಹೆಸರು ಬರೆದು ಒಳಗೆ ಅಂಟಿಸುತ್ತಿದ್ದರು. ಎಪ್ಪತ್ತು ವರ್ಷದ ಹಳೆಯ ಆಂಪ್ ಬಿಚ್ಚಿದವರಿಗೆ ಆ ಹೆಸರುಗಳು ಇವತ್ತಿಗೂ ಸಿಗುತ್ತವೆ. ನಮ್ಮ ಮೊಬೈಲ್ ಬಿಚ್ಚಿದರೆ ಯಾರ ಹೆಸರು ಸಿಗುತ್ತದೆ ಹೇಳಿ?

ಹೀಗೆ ಎಲ್ಲ ಕಣ್ಣೆದುರೇ ಇರುವುದರಿಂದಲೇ ಲಿಯೊನ ಆಂಪ್‌ಗಳನ್ನು ತಿದ್ದುವ ಚಟ ಜಗತ್ತಿಗೆ ಹತ್ತಿದ್ದು. ನನ್ನ ಗೆಳೆಯನ ಆಂಪ್ ಕೂಡ ಆತನ ಚಾಂಪ್ ಎಂಬ ಪುಟ್ಟ ಮಾಡೆಲ್ಲಿನ ನಕಲು. ಮೊದಲ ವಾಲ್ವ್‌ನ ಕ್ಯಾಥೋಡಿನಲ್ಲಿ 1.5 ಕಿಲೊಓಮ್ ರೆಸಿಸ್ಟರಿಗೆ ಅಡ್ಡಲಾಗಿ 25 ಮೈಕ್ರೊಫ್ಯಾರಡ್ ಕೆಪಾಸಿಟರ್ ಇತ್ತು. ಅಷ್ಟು ದೊಡ್ಡದಿದ್ದರೆ ಗಿಟಾರಿನ ಅತಿ ದಪ್ಪ ತಂತಿಯ 82 ಹರ್ಟ್ಸ್ ಕೂಡ ಪೂರ್ತಿ ವರ್ಧನೆಯಾಗುತ್ತದೆ. ಅದರ ಜಾಗದಲ್ಲಿ 0.68 ಹಾಕಿದರೆ ತಗ್ಗಿನ ಸ್ವರಗಳಿಗೆ ಸಿಗುವ ವರ್ಧನೆ ಇಳಿಯುತ್ತದೆ, ಮಂದ್ರದ ಗೊಜಗೊಜ ಹೋಗಿ ದನಿ ಬಿಗಿಯಾಗುತ್ತದೆ. ಇನ್ನೊಂದು ತಿದ್ದುಪಡಿ ನೆಗೆಟಿವ್ ಫೀಡ್‌ಬ್ಯಾಕಿನದು. ಸ್ಪೀಕರಿನ ಕಡೆಯಿಂದ ಹಿಂದಕ್ಕೆ ಬರುವ ಒಂದೇ ಒಂದು ತಂತಿ. ಅದಕ್ಕೊಂದು ಸ್ವಿಚ್ ಹಾಕಿದೆ. ಸ್ವಿಚ್ ಆನ್ ಇದ್ದರೆ ಅಳತೆಯಲ್ಲಿ ಡಿಸ್ಟಾರ್ಷನ್ ಕಡಿಮೆ, ಆಫ್ ಮಾಡಿದರೆ ಹೆಚ್ಚು. ನಮ್ಮ ಉಪಕರಣಕ್ಕೆ ಆನ್ ಇದ್ದರೆ ಖುಷಿ. ಗೆಳೆಯ ಮಾತ್ರ ಒಮ್ಮೆ ಆಫ್ ಮಾಡಿ ನುಡಿಸಿದವನು ಮತ್ತೆ ಆನ್ ಮಾಡಲೇ ಇಲ್ಲ. ವರದಿಯಲ್ಲಿ ಯಾವುದನ್ನು ಸುಧಾರಣೆ ಎಂದು ಬರೆಯಬೇಕು? ಉಪಕರಣದ ಅಂಕಿಯನ್ನೋ, ನುಡಿಸುವವನ ಮುಖವನ್ನೋ? ನಾನು ಎರಡನ್ನೂ ಬರೆದೆ. ವೈವಾದಲ್ಲಿ ಇದರ ಬಗ್ಗೆಯೇ ಇಪ್ಪತ್ತು ನಿಮಿಷ ಚರ್ಚೆಯಾಯಿತು.

(ಯಾರಾದರೂ ಓದಿದ್ದೇ ತಡ ಸ್ಕ್ರೂಡ್ರೈವರ್ ಹಿಡಿದು ಹೊರಟೀರಿ, ಜೋಕೆ. ವಾಲ್ವ್ ಆಂಪ್ ಒಳಗೆ 300ರಿಂದ 400 ವೋಲ್ಟ್‌ಗಿಂತಲೂ ಹೆಚ್ಚು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಬೇಕು. ಗೊತ್ತಿರುವವರು ಪಕ್ಕದಲ್ಲಿರಲಿ.)

ಅಂದಹಾಗೆ, ವಾಲ್ವ್ ನಮಗೇನೂ ದೂರದ ವಸ್ತುವಲ್ಲ. ನಮ್ಮ ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಹಳೆಯ ರೇಡಿಯೊ ಮೆಕ್ಯಾನಿಕ್‌ಗಳ ಡಬ್ಬಿಯಲ್ಲಿ ಬಿಇಎಲ್ ಮುದ್ರೆಯ ವಾಲ್ವ್ ಈಗಲೂ ಸಿಕ್ಕರೆ ಅಚ್ಚರಿಯಿಲ್ಲ.

ಲಿಯೊನ ಗಿಟಾರ್‌ಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ಬಂತು, ಅದೇ ವರ್ಷ ಪ್ರಿಸಿಷನ್ ಬಾಸ್, 1954ರಲ್ಲಿ ಸ್ಟ್ರ್ಯಾಟೊಕಾಸ್ಟರ್. ಅಲ್ಲೂ ಅದೇ ಪದ್ಧತಿ. ಗಿಟಾರಿನ ಅಂಚು ಪಕ್ಕೆಗೆ ಚುಚ್ಚುತ್ತದೆ ಎಂದು ನುಡಿಸುವವರು ದೂರಿದರು, ಮರವನ್ನು ಕೆತ್ತಿ ದೇಹಕ್ಕೆ ಒಗ್ಗುವಂತೆ ಮಾಡಿದರು. ನನಗೆ ಅದಕ್ಕಿಂತ ಇಷ್ಟವಾದದ್ದು ಡಿಕ್ ಡೇಲ್ ಪ್ರಸಂಗ.

1960ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಕಡಲ ತೀರದ ಬಾಲ್ಬೋವಾದಲ್ಲಿ ರೆಂಡೆಜ್ವೂ ಬಾಲ್‌ರೂಮ್ ಎಂಬ ದೊಡ್ಡ ಸಭಾಂಗಣವಿತ್ತು. ಅಲ್ಲಿ ನುಡಿಸುತ್ತಿದ್ದ ಡಿಕ್ ಡೇಲ್ ಎಡಗೈಯವನು, ತಂದೆಯ ಕಡೆಯಿಂದ ಲೆಬನಾನ್ ಮೂಲದವನು. ತಂತಿಗಳು ವಿಪರೀತ ದಪ್ಪ, ಹೊಡೆತ ಅದಕ್ಕಿಂತ ಜೋರು. ಲಿಯೊ ಅವನಿಗೆ ಒಂದು ಸ್ಟ್ರ್ಯಾಟೊಕಾಸ್ಟರ್ ಮತ್ತು ಆಂಪ್ ಕೊಟ್ಟ. ಡೇಲ್ ಆಂಪ್ ಸುಟ್ಟು ತಂದ. ಇನ್ನೊಂದು ಕೊಟ್ಟ, ಅದನ್ನೂ ಸುಟ್ಟ. ಹೀಗೆ ಹತ್ತಾರು ಆಂಪ್ ಮತ್ತು ಸ್ಪೀಕರ್ ಹಾಳಾದವೆಂದು ಡೇಲ್ ಮುಂದೆ ಹೇಳಿಕೊಂಡಿದ್ದಾನೆ. ಬೇರೆ ಯಾವ ಕಂಪನಿಯಾದರೂ ವಾರಂಟಿ ಇಲ್ಲ ಎಂದು ಬಾಗಿಲು ಹಾಕುತ್ತಿತ್ತು. ಲಿಯೊಗೆ ಅರ್ಥವಾಗದ್ದು ಒಂದೇ: ಈ ಹುಡುಗನಿಗೆ ಇಷ್ಟು ಜೋರು ಏಕೆ ಬೇಕು?

ಉತ್ತರ ವರ್ಕ್‌ಶಾಪಿನಲ್ಲಿ ಇರಲಿಲ್ಲ. ಲಿಯೊ ತನ್ನ ಸಹಾಯಕ ಫ್ರೆಡ್ಡಿ ಟವಾರೆಸ್ ಜತೆ ಆ ಸಭಾಂಗಣಕ್ಕೇ ಹೋದ. ಸಾವಿರಾರು ಜನ ಕುಣಿಯುತ್ತಿದ್ದರು. ಖಾಲಿ ಕೋಣೆಯಲ್ಲಿ ಕಿವಿ ತೂತಾಗುವಂತೆ ಕೇಳುವ ಆಂಪ್ ಅಷ್ಟು ದೇಹಗಳ ನಡುವೆ ಉಸಿರೆತ್ತುವುದಿಲ್ಲ. ಮನುಷ್ಯರು, ಅವರ ಬಟ್ಟೆ, ಎಲ್ಲವೂ ದನಿ ಹೀರುತ್ತವೆ. ಜನರ ಮಧ್ಯೆ ನಿಂತು ಕೇಳಿದ ಮೇಲೆ ಲಿಯೊಗೆ ಸಮಸ್ಯೆ ಹೊಳೆಯಿತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ದೊಡ್ಡದಾಯಿತು, ಜೆಬಿಎಲ್ ಕಂಪನಿಯ 15 ಇಂಚಿನ ಗಟ್ಟಿ ಸ್ಪೀಕರ್ ಬಂತು, ಆಂಪ್ ಒಂದು ಪೆಟ್ಟಿಗೆ ಸ್ಪೀಕರ್ ಇನ್ನೊಂದು ಪೆಟ್ಟಿಗೆ ಎಂದಾಯಿತು. ಅದೇ ಶೋಮನ್. ಆಮೇಲೆ ಎರಡು ಸ್ಪೀಕರಿನ ಡ್ಯುಯಲ್ ಶೋಮನ್. ದೊಡ್ಡ ಸಭಾಂಗಣವನ್ನು ಒಂದೇ ಗಿಟಾರ್ ತುಂಬಬಹುದು ಎಂಬುದು ಆಗ ಹೊಸ ಸಂಗತಿ.

ಅಷ್ಟರಲ್ಲಿ ಲಿಯೊನ ಆರೋಗ್ಯ ಕೆಟ್ಟಿತ್ತು. ಸೈನಸ್ ಸೋಂಕು ವರ್ಷಗಟ್ಟಲೆ ಬಿಡದೆ ಕಾಡಿತು. ತಾನು ಹೆಚ್ಚು ದಿನ ಇರಲಾರೆ ಎಂದುಕೊಂಡು 1965ರ ಜನವರಿಯಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. 600 ಡಾಲರ್ ಸಾಲದಿಂದ ಅಲ್ಲಿಗೆ ಇಪ್ಪತ್ತೇಳು ವರ್ಷ. ವಿಧಿಯಾಟ ನೋಡಿ, ಮಾರಿದ ಮೇಲೆ ಡಾಕ್ಟರನ್ನು ಬದಲಾಯಿಸಿದ, ಹೆಚ್ಚಿನ ಪ್ರಮಾಣದ ಪೆನಿಸಿಲಿನ್ ಕೊಟ್ಟರು, ಕಾಯಿಲೆ ವಾಸಿಯಾಯಿತು!

ಇತ್ತ ಲಂಡನ್ನಿನಲ್ಲಿ ಇನ್ನೊಂದು ಕಥೆ ಶುರುವಾಗಿತ್ತು. ಜಿಮ್ ಮಾರ್ಷಲ್ ಎಂಬ ಡ್ರಮ್ ಮೇಷ್ಟ್ರ ಅಂಗಡಿಗೆ ಬರುತ್ತಿದ್ದ ಹುಡುಗರಿಗೆ ಫೆಂಡರ್ ಆಂಪ್ ಬೇಕು, ಆದರೆ ಆಮದಾಗಿ ಬಂದಾಗ ಬೆಲೆ ಕೈಗೆಟಕದು. 1962ರಲ್ಲಿ ಮಾರ್ಷಲ್, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಸೇರಿ ಲಿಯೊನ 5ಎಫ್6-ಎ ಬಾಸ್‌ಮನ್ ಮುಂದಿಟ್ಟುಕೊಂಡು ತಮ್ಮದೇ ಆಂಪ್ ಕಟ್ಟಿದರು. ಸರ್ಕೀಟ್ ಹೆಚ್ಚುಕಡಿಮೆ ಅದೇ. ಬದಲಾದದ್ದು ಕೆಲವೇ ಭಾಗಗಳು. ಬಾಸ್‌ಮನ್ನಿನ ಮೊದಲ ವಾಲ್ವ್ 12ಎವೈ7, ಅದರ ವರ್ಧನಾಂಕ 40ರ ಆಸುಪಾಸು. ಮಾರ್ಷಲ್ ಹಾಕಿದ್ದು ಯುರೋಪಿನ ಇಸಿಸಿ83, ಅದರದು 100. ಟ್ರಾನ್ಸ್‌ಫಾರ್ಮರ್ ಬ್ರಿಟನ್ನಿನದು. ಹಿಂದುಗಡೆ ತೆರೆದ ಪೆಟ್ಟಿಗೆಯ ಬದಲು ಪೂರ್ತಿ ಮುಚ್ಚಿದ ಪೆಟ್ಟಿಗೆ, ಒಳಗೆ 12 ಇಂಚಿನ ನಾಲ್ಕು ಸೆಲೆಸ್ಟಿಯನ್ ಸ್ಪೀಕರ್. ಅಷ್ಟಕ್ಕೇ ದನಿ ಬೇರೆಯಾಯಿತು. ವಾಲ್ಯೂಮ್ ಸ್ವಲ್ಪ ಏರಿಸಿದರೂ ಅಲೆಯ ತಲೆ ಚಪ್ಪಟೆಯಾಗುತ್ತಿತ್ತು. ಲಿಯೊ ಹದಿನೈದು ವರ್ಷ ಬೆನ್ನಟ್ಟಿ ಓಡಿಸುತ್ತಿದ್ದ ಆ ಡಿಸ್ಟಾರ್ಷನ್ನನ್ನೇ ಇಂಗ್ಲೆಂಡಿನ ಹುಡುಗರು ಅಪ್ಪಿಕೊಂಡರು. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಕೈಯಲ್ಲಿದ್ದದ್ದು ಲಿಯೊನ ಸ್ಟ್ರ್ಯಾಟೊಕಾಸ್ಟರ್. ಹಿಂದೆ ಗೋಡೆಯಂತೆ ನಿಂತಿದ್ದ ಮಾರ್ಷಲ್ ಆಂಪ್‌ಗಳು ಕೂಡ ವಂಶದಲ್ಲಿ ಬಾಸ್‌ಮನ್ನಿನ ಮೊಮ್ಮಕ್ಕಳೇ. ಆ ಕೂಗು, ಚೀರಾಟದಲ್ಲಿ ಯಾವುದನ್ನೂ ಕಂಟ್ರಿ ಸಂಗೀತ ಪ್ರಿಯನಾದ ಲಿಯೊ ಬಯಸಿರಲಿಲ್ಲ.

ಅಮೆರಿಕದಲ್ಲೂ ಅದೇ ಆಯಿತು. ರ‍್ಯಾಂಡಲ್ ಸ್ಮಿತ್ ಎಂಬ ರಿಪೇರಿಯ ಹುಡುಗ ಗೆಳೆಯನನ್ನು ಬೇಸ್ತು ಬೀಳಿಸಲೆಂದು ಲಿಯೊನ ಪ್ರಿನ್ಸ್‌ಟನ್ ಎಂಬ ಪುಟ್ಟ ಆಂಪಿನೊಳಗೆ ಬಾಸ್‌ಮನ್ನಿನ ಸರ್ಕೀಟ್, ಟ್ರಾನ್ಸ್‌ಫಾರ್ಮರ್ ಮತ್ತು 12 ಇಂಚಿನ ಸ್ಪೀಕರ್ ತುರುಕಿದ. ಕಾರ್ಲೋಸ್ ಸಂಟಾನಾ ಅದನ್ನು ನುಡಿಸಿ ಮೆಚ್ಚಿ ಆಡಿದ ಮಾತಿನಿಂದಲೇ ಆ ಆಂಪಿಗೆ ಬೂಗಿ ಎಂದು ಹೆಸರಾಯಿತು. ಮೆಸಾ ಬೂಗಿ ಎಂಬ ಕಂಪನಿ ಹುಟ್ಟಿದ್ದು ಆ ತಮಾಷೆಯಿಂದ. ಇನ್ನೊಂದು ಕಡೆ ಸಿಬಿಎಸ್‌ನ ಇಂಜಿನಿಯರುಗಳು 1968ರ ನಂತರ ಲಿಯೊನ ಸರ್ಕೀಟುಗಳಿಗೆ ತಮ್ಮದೇ ತಿದ್ದುಪಡಿ ಮಾಡಿದರು. ಅವರು ಡಿಗ್ರಿ ಪಡೆದವರು. ವಾದ್ಯಗಾರರಿಗೆ ಅದು ರುಚಿಸಲಿಲ್ಲ. ಆ ಕಾಲದ ಆಂಪ್‌ಗಳನ್ನು ಬಿಚ್ಚಿ, ಸಿಬಿಎಸ್ ಹಾಕಿದ್ದನ್ನು ಕಿತ್ತು ಲಿಯೊನ ಬೆಲೆಗಳಿಗೇ ಮರಳಿಸುವುದು ಒಂದು ಪ್ರತ್ಯೇಕ ವೃತ್ತಿಯೇ ಆಗಿದೆ. ಅದಕ್ಕೆ ಬ್ಲ್ಯಾಕ್‌ಫೇಸಿಂಗ್ ಎನ್ನುತ್ತಾರೆ. ಬಿಇ ಓದುತ್ತಿರುವ ನನಗೆ ಇದನ್ನು ಬರೆಯುವಾಗ ಕೊಂಚ ಕಸಿವಿಸಿಯಾಗುತ್ತದೆ, ಇರಲಿ.

ಲಿಯೊ ಸುಮ್ಮನೆ ಕೂರಲಿಲ್ಲ. 1970ರ ದಶಕದಲ್ಲಿ ಹಳೆಯ ಸಹೋದ್ಯೋಗಿಗಳೊಂದಿಗೆ ಮ್ಯೂಸಿಕ್ ಮ್ಯಾನ್ ಕಂಪನಿಯಲ್ಲಿ ಕೈಜೋಡಿಸಿದ. ಅಲ್ಲಿಂದ ಬಂದ ಆಂಪ್‌ಗಳಲ್ಲಿ ಮೊದಲ ಹಂತ ಟ್ರಾನ್ಸಿಸ್ಟರ್, ಕೊನೆಯ ಹಂತ ವಾಲ್ವ್. 1979ರಲ್ಲಿ ಎಸ್ತರ್ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಫಿಲ್ಲಿಸ್ ಎಂಬಾಕೆಯನ್ನು ಮದುವೆಯಾದ. ಆ ಹೊತ್ತಿಗೇ ಹಳೆಯ ಸಂಗಾತಿ ಜಾರ್ಜ್ ಫುಲ್ಲರ್‌ಟನ್ ಜತೆ ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿಸಿ ಜಿ ಅಂಡ್ ಎಲ್ ಎಂಬ ಹೊಸ ಗಿಟಾರ್ ಕಂಪನಿ ಕಟ್ಟಿದ. ಆ ಕಾರ್ಖಾನೆ ಇದ್ದದ್ದು ಫುಲ್ಲರ್‌ಟನ್ನಿನಲ್ಲಿ, ಆತನದೇ ಹೆಸರು ಹೊತ್ತ ಫೆಂಡರ್ ಅವೆನ್ಯೂದಲ್ಲಿ. ತನ್ನದೇ ಹೆಸರಿನ ಬೀದಿಯಲ್ಲಿ ಕೂತು ಗಿಟಾರ್ ಮಾಡುತ್ತಿದ್ದವನಿಗೆ ಆ ಗಿಟಾರಿನ ಮೇಲೆ ತನ್ನ ಹೆಸರನ್ನು ಬ್ರ್ಯಾಂಡ್ ಮಾಡಿಕೊಳ್ಳುವ ಹಕ್ಕು ಇರಲಿಲ್ಲ. ಅದನ್ನು ಮಾರಿ ಆಗಿತ್ತು.

ಪಾರ್ಕಿನ್‌ಸನ್ಸ್ ಕಾಯಿಲೆ ಬಂದು ಕೈ ನಡುಗುತ್ತಿದ್ದರೂ ದಿನವೂ ಕೆಲಸಕ್ಕೆ ಬರುತ್ತಿದ್ದ. 1990ರಲ್ಲಿ ಫೆಂಡರ್ ಕಂಪನಿ, ಅಷ್ಟರಲ್ಲಿ ಸಿಬಿಎಸ್ ಕೈಯಿಂದಲೂ ಹೊರಬಂದಿತ್ತು, 1959ರ ಬಾಸ್‌ಮನ್ನನ್ನು ಮತ್ತೆ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ಈ ಸಲ ಫೈಬರ್ ಪಟ್ಟಿಯ ಬದಲು ಪಿಸಿಬಿ. ಕೊಂಡವರು ಮನೆಗೆ ಒಯ್ದು ಬಿಚ್ಚಿ, ಹಳೆಯದರ ಹಾಗೆ ಕೇಳಿಸಲೆಂದು ಒಂದೊಂದೇ ಭಾಗ ಬದಲಾಯಿಸತೊಡಗಿದರು. ಲಿಯೊ ಆಗ ಜಿ ಅಂಡ್ ಎಲ್‌ನ ತನ್ನ ಪುಟ್ಟ ಕೋಣೆಯಲ್ಲಿ ಹೊಸ ಗಿಟಾರ್‌ಗಳ ಕೆಲಸದಲ್ಲಿದ್ದ. 1991ರ ಮಾರ್ಚ್ 21ರಂದು ತೀರಿಕೊಂಡ. ಅದರ ಹಿಂದಿನ ದಿನವೂ ಕೆಲಸಕ್ಕೆ ಬಂದಿದ್ದ. ಆ ಕೋಣೆಯನ್ನೂ ಬೆಂಚನ್ನೂ ಆತ ಎದ್ದುಹೋದ ಹಾಗೆಯೇ ಉಳಿಸಿಕೊಂಡರು.